ಊರಿನ ಜಾಗರಣೆ, ಪಟ್ಟಣದ ರಾತ್ರಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಸೀಮೆಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಕುಳಿತರೆ ಅದಕ್ಕೆ ಜಾಗರಣೆ ಎಂದು ಹೆಸರು. ಪಟ್ಟಣದಲ್ಲಿ ನಿದ್ದೆಗೆಟ್ಟರೆ ಅದಕ್ಕೆ ‘ನೈಟ್‌ಲೈಫ್’ ಎಂದು ಹೆಸರು. ಮೊದಲನೆಯದಕ್ಕೆ ಹಿರಿಯರೇ ಕಾಯಿ ಕರ್ಪೂರ ಹಿಡಿದು ಮುಂದೆ ಹೊರಡುತ್ತಾರೆ. ಎರಡನೆಯದರ ಹೆಸರೆತ್ತಿದ ಕೂಡಲೆ ಅದೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಎರಡರಲ್ಲಿಯೂ ಎಚ್ಚರವಿರುವವರು ಹೆಚ್ಚಾಗಿ ಹರೆಯದವರೇ. ಎರಡರಲ್ಲಿಯೂ ದೀಪವುಂಟು, ಹಾಡುಂಟು, ಕುಣಿತವುಂಟು, ಗದ್ದಲವುಂಟು. ಹೀಗಿರುವಲ್ಲಿ ಒಂದು ಪುಣ್ಯವಾಗಿ ಇನ್ನೊಂದು ಪಾಪವಾದುದು ಹೇಗೆ? ಈ ಪ್ರಶ್ನೆ ನನಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಾಗಿದ್ದರೆ ಎರಡು ಮಾತು ಆಡಿ ಬಹುಮಾನದ ಲೋಟವನ್ನು ತೆಗೆದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಇದು ನಮ್ಮ ಮನೆಯ ಪಡಸಾಲೆಯವರೆಗೆ ಬಂದು ಕುಳಿತಿರುವ ಪ್ರಶ್ನೆ. ಆದುದರಿಂದ ವಾಚಕರ ತಾಳ್ಮೆಯನ್ನು ಬೇಡಿ ನಾಲ್ಕು ಪುಟ ಬರೆಯಲು ಮನಸ್ಸು ಮಾಡಿದ್ದೇನೆ.

ಮೊದಲು ನಮ್ಮ ಊರುಗಳ ರಾತ್ರಿಯನ್ನೇ ನೋಡೋಣ. ಹುಮನಾಬಾದು ಎಂದರೆ ಮಲಗದ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಅದರ ಮಗ್ಗುಲಲ್ಲಿಯೇ ಹರಿಯುತ್ತದೆ. ನಡುರಾತ್ರಿಯಲ್ಲಿಯೂ ಢಾಬಾಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಒಲೆಯ ಮೇಲೆ ಚಹಾ ಕುದಿಯುತ್ತಲೇ ಇರುತ್ತದೆ. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ನಿದ್ದೆಯಿಲ್ಲ. ಊರಿಗೆ ಹತ್ತಿಕೊಂಡಿರುವ ಮಾಣಿಕನಗರದಲ್ಲಿ ದತ್ತಜಯಂತಿಯ ದಿನಗಳಲ್ಲಿ ಸಂಗೀತಸೇವೆ ಬಹು ಹೊತ್ತಿನವರೆಗೆ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲಸಿದ ಮಾಣಿಕಪ್ರಭುಗಳಿಗೆ ಹಿಂದೂಗಳೆಷ್ಟೋ ಮುಸಲ್ಮಾನರೂ ಅಷ್ಟೇ ಭಕ್ತರು. ಬಸವಕಲ್ಯಾಣದಲ್ಲಿ ರಾಜಾ ಬಾಗಸವಾರರ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳುತ್ತ ಕುಳಿತವರಿಗೆ ಬೆಳಗಾದುದು ತಿಳಿಯುವುದಿಲ್ಲ. ಮೊಹರಮ್ಮಿನ ಅಲಾವಿಯ ಸುತ್ತ ನಮ್ಮ ಹಳ್ಳಿಯ ಹುಡುಗರು ಹೆಜ್ಜೆ ಹಾಕುವಾಗ ಯಾರ ಮಗ ಯಾವ ಜಾತಿ ಎಂದು ಬೆಂಕಿ ಕೇಳುವುದಿಲ್ಲ, ಊರೂ ಕೇಳುವುದಿಲ್ಲ. ಈ ರಾತ್ರಿಗಳಲ್ಲಿ ಹುಡುಗಿಯರು ಹೂ ಮುಡಿದು ಬಳೆ ಅಂಗಡಿಯ ಮುಂದೆ ಗುಂಪುಗಟ್ಟುತ್ತಾರೆ, ತೊಟ್ಟಿಲು ಹತ್ತಿ ಕಿರುಚುತ್ತಾರೆ, ನಗುತ್ತಾರೆ. ಯಾರೂ ಅವರನ್ನು ಕೆಟ್ಟವರೆನ್ನುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಇತಿಹಾಸದ ಅಧ್ಯಾಪಕರ ಪಾಠದಿಂದ ಕಲಿತೆ. ಕಲ್ಯಾಣವನ್ನು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದ. ಅದರಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಕಡೆಯ ಭಾಗವೆಲ್ಲ ಕ್ರೀಡೆಗೆ ಮೀಸಲು. ಅಲ್ಲಿ ನೀರಾಟ, ಉಯ್ಯಾಲೆ, ಚದುರಂಗಗಳ ಜೊತೆಗೆ ಬೆಳದಿಂಗಳ ಆಟವುಂಟು, ಕತ್ತಲೆಯ ಆಟವುಂಟು; ಮದಿರಾಪಾನಕ್ಕೂ ಒಂದು ಅಧ್ಯಾಯವುಂಟು! ನಾವು ಇಂದು ಬಸ್ಸಿಳಿದು ಪುಸ್ತಕ ಬಗಲಲ್ಲಿಟ್ಟು ನಡೆಯುವ ಈ ನೆಲದಲ್ಲಿಯೇ ಸುಮಾರು ಒಂಬೈನೂರು ವರ್ಷದ ಹಿಂದೆ ಅರಮನೆಯವರ ರಾತ್ರಿಯ ವಿನೋದ ಶಾಸ್ತ್ರಗ್ರಂಥದ ವಿಷಯವಾಗಿತ್ತು. ಅರಸು ಆಡಿದರೆ ಕ್ರೀಡೆ, ಆಳಿನ ಮಗ ಆಡಿದರೆ ಕೇಡು ಎಂಬ ಲೆಕ್ಕ ಅಂದಿನಿಂದಲೂ ಇದ್ದಿರಬೇಕು.

ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ನಡೆದ ಇನ್ನೊಂದು ಕಥೆಯನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು. ಇಬ್ಬರು ಹರೆಯದವರ ಮದುವೆ ಎಂಬ ಮಾತು ಅರಮನೆಗೆ ಹೋಗುವ ಹೊತ್ತಿಗೆ ‘ಕಲ್ಯಾಣವೇ ಕೆಟ್ಟಿತು’ ಎಂಬ ಮಾತಾಗಿತ್ತು. ಬಿಜ್ಜಳನ ಕಿವಿಗೆ ಸುದ್ದಿ ಮುಟ್ಟಿಸಿದವನು ಕೊಂಡಿ ಮಂಚಣ್ಣ ಎಂದು ಪರಂಪರೆಯ ಕಥೆಗಳು ಹೇಳುತ್ತವೆ. ಆ ಕಾಲದಲ್ಲಿ ಪತ್ರಿಕೆಯಿರಲಿಲ್ಲ, ಟೀವಿಯಿರಲಿಲ್ಲ. ಕೊಂಡಿ ಮಂಚಣ್ಣನೊಬ್ಬನೇ ಸಾಕಾಗಿದ್ದ. ಸುದ್ದಿಯನ್ನು ಒಯ್ಯುವವನು ಅದಕ್ಕೆ ಎಷ್ಟು ಉಪ್ಪು ಖಾರ ಹಚ್ಚುತ್ತಾನೆ ಎಂಬುದರ ಮೇಲೆ ಯಾರ ಕಣ್ಣು ಹೋಗುತ್ತದೆ, ಯಾರ ಕಾಲಿಗೆ ಆನೆಯನ್ನು ಕಟ್ಟುತ್ತಾರೆ ಎಂಬುದು ನಿಶ್ಚಯವಾಗುತ್ತದೆ. ಇದನ್ನು ಕಲ್ಯಾಣದವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇರಲಿ. ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮಪ್ಪ ಹುಮನಾಬಾದಿನಲ್ಲಿ ಹಮಾಲಿ. ಅವ್ವ ತೊಗರಿ, ಸೋಯಾ ಕಾಲದಲ್ಲಿ ಕೂಲಿಗೆ ಹೋಗುತ್ತಾಳೆ. ನಮ್ಮ ವಂಶದಲ್ಲಿ ಡಿಗ್ರಿಯವರೆಗೆ ಬಂದವರಲ್ಲಿ ಮೊದಲನೆಯವಳು ದೊಡ್ಡಪ್ಪನ ಮಗಳು, ನಮ್ಮಕ್ಕ, ಎರಡನೆಯವಳು ನಾನು. ಅಕ್ಕ ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋದಳು. ಸಮುದ್ರದಾಚೆಯ ಕಂಪನಿಗಳ ಲೆಕ್ಕಪತ್ರ ನೋಡುವ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ. ನಮ್ಮ ರಾತ್ರಿ ಅವರ ಹಗಲಾದುದರಿಂದ ಅಕ್ಕನ ಕೆಲಸವೆಲ್ಲ ರಾತ್ರಿ ಪಾಳಿ. ಸಂಜೆ ಕಂಪನಿಯ ಗಾಡಿ ಬಂದು ಒಯ್ಯುತ್ತದೆ, ನಸುಕಿನಲ್ಲಿ ತಂದು ಬಿಡುತ್ತದೆ. ಅವಳು ಕಳಿಸಿದ ಹಣದಿಂದ ದೊಡ್ಡಪ್ಪನ ಮನೆಗೆ ಪತ್ರಾಸು ಹೋಗಿ ಸ್ಲಾಬು ಬಂತು. ನನ್ನ ಮೂರು ವರ್ಷದ ಪರೀಕ್ಷಾ ಶುಲ್ಕವೂ ಅದರಲ್ಲಿಯೇ ಬಂತು.

ಕಳೆದ ವರ್ಷ ಅಕ್ಕನಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಕಡೆಯವರು ಬಂದು ನೋಡಿ, ಅವಲಕ್ಕಿ ತಿಂದು, ಒಪ್ಪಿ ಹೋದರು. ಹದಿನೈದು ದಿನದ ಮೇಲೆ ಹೇಳಿ ಕಳಿಸಿದರು: “ರಾತ್ರಿ ಕೆಲಸಕ್ಕ ಹೋಗೋ ಹೆಣ್ಣು ನಮಗ ಬ್ಯಾಡ. ಬೆಂಗ್ಳೂರಾಗ ರಾತ್ರಿ ಏನೇನು ನಡಿತದ ಟೀವ್ಯಾಗ ನಾವೂ ನೋಡಲತ್ತೀವಿ.” ದೊಡ್ಡಪ್ಪ ಎರಡು ದಿನ ಹೊರಗೆ ಬರಲಿಲ್ಲ. ಅಕ್ಕ ಫೋನಿನಲ್ಲಿ ನಕ್ಕಳು. “ತಂಗೀ, ಟೀವ್ಯಾಗ ತೋರ್ಸೋ ರಾತ್ರಿ ನಾ ಒಂದಿನಾನೂ ನೋಡಿಲ್ಲ ನೋಡು. ನಮ್ಮ ರಾತ್ರಿ ಅಂದ್ರ ಕಂಪ್ಯೂಟರು, ಕಣ್ಣುರಿ, ಎರಡು ಗಂಟೆಗೊಂದು ಚಹಾ” ಎಂದಳು. ಆ ನಗೆಯಲ್ಲಿ ನಗೆಯೆಷ್ಟಿತ್ತೆಂಬುದನ್ನು ನಾನು ಬಲ್ಲೆ.

ಅಂದಿನಿಂದ ಆ ‘ಟೀವ್ಯಾಗಿನ ರಾತ್ರಿ’ಯನ್ನು ನಾನು ಗಮನವಿಟ್ಟು ನೋಡತೊಡಗಿದೆ. ನಮ್ಮ ಊರಿನ ಚಹಾದ ಅಂಗಡಿಯಲ್ಲಿ ದಿನವಿಡೀ ಒಂದಲ್ಲ ಒಂದು ಸುದ್ದಿವಾಹಿನಿ ಕೂಗುತ್ತಿರುತ್ತದೆ. ವರ್ಷದ ಕೊನೆಯ ರಾತ್ರಿ ಬಂತೆಂದರೆ ಎಲ್ಲ ವಾಹಿನಿಗಳ ಕ್ಯಾಮೆರಾಗಳೂ ಬೆಂಗಳೂರಿನ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳಿಗೆ ಓಡುತ್ತವೆ. ನೂರಾರು ಜನ ನಗುತ್ತ, ಫೋಟೋ ತೆಗೆದುಕೊಳ್ಳುತ್ತ ನಡೆದುಹೋಗುವಾಗ ಕ್ಯಾಮೆರಾ ಅವರನ್ನೆಲ್ಲ ಬಿಟ್ಟು ಎಡವುವ ಒಬ್ಬ ಹುಡುಗಿಯನ್ನು ಹುಡುಕುತ್ತದೆ. ಅವಳ ಬೆನ್ನು ಹತ್ತುತ್ತದೆ. ಅದೇ ಚಿತ್ರವನ್ನು ಹತ್ತು ಸಲ ತಿರುತಿರುಗಿ ಹಾಕಿ, ಕೆಳಗೆ ಬೆಂಕಿಯ ಬಣ್ಣದ ಅಕ್ಷರ ಬರೆದು, ಹಿಂದೆ ನಗಾರಿ ಬಾರಿಸುತ್ತಾರೆ. ನಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ವೈನ್‌ಶಾಪಿನ ಮುಂದೆ ದಿನವೂ ಸಂಜೆ ಗಂಡಸರು ಎಡವುತ್ತಾರೆ, ಮೋರಿಗೆ ಬೀಳುತ್ತಾರೆ. ಅವರ ಹೆಂಡಿರು ಬಂದು ಎಬ್ಬಿಸಿಕೊಂಡು ಹೋಗುತ್ತಾರೆ. ಅಲ್ಲಿಗೆ ಯಾವ ಕ್ಯಾಮೆರಾವೂ ಬರುವುದಿಲ್ಲ. 2007ರಲ್ಲಿ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಕುಡಿತ ನಿಲ್ಲಲಿಲ್ಲ, ಬಾಟಲಿಯ ಬಣ್ಣ ಬದಲಾಯಿತು. ಕುಡಿತ ಒಳ್ಳೆಯದೆಂದು ನಾನು ಹೇಳುವವಳಲ್ಲ. ಕುಡಿತದಿಂದ ಮನೆ ಮುರಿದುದನ್ನು ನಮ್ಮ ಓಣಿಯಲ್ಲಿಯೇ ನೋಡಿ ಬೆಳೆದವಳು. ಆದರೆ ಕೇಡು ಕುಡಿತದಲ್ಲಿದ್ದರೆ ಅದನ್ನು ಎಲ್ಲ ಕಡೆಯೂ ಕೇಡೆನ್ನಬೇಕು. ಹುಡುಗಿಯ ಕೈಯಲ್ಲಿ ಲೋಟವಿದ್ದಾಗ ಮಾತ್ರ ಸಂಸ್ಕೃತಿ ನೆನಪಾದರೆ, ಕಾಳಜಿ ಲೋಟದ ಮೇಲಲ್ಲ, ಹುಡುಗಿಯ ಮೇಲೆ ಎಂದಾಯಿತು.

ಬೆಂಗಳೂರಿಗೆ ‘ಪಬ್ ನಗರ’ ಎಂಬ ಹೆಸರು ಬಂದುದು ಇಂದು ನಿನ್ನೆಯಲ್ಲ. 1980ರ ದಶಕದಲ್ಲಿ ಬ್ರಿಗೇಡ್ ರಸ್ತೆಯ ಆಸುಪಾಸಿನಲ್ಲಿ ಈ ಪಾನಗೃಹಗಳು ತಲೆಯೆತ್ತಿದವು. 1989ರಲ್ಲಿ ತೆರೆದ ‘ಪೆಕೋಸ್’ ಎಂಬಲ್ಲಿ ಪಾಶ್ಚಾತ್ಯ ರಾಕ್ ಸಂಗೀತ ಕೇಳಲು ಕಾಲೇಜು ಹುಡುಗರು ಕೂಡುತ್ತಿದ್ದರು. ಕೂದಲು ಬಿಟ್ಟುಕೊಂಡು ಗಿಟಾರು ಹಿಡಿದ ಈ ಹುಡುಗರಲ್ಲಿ ಎಷ್ಟೋ ಮಂದಿ ಈಗ ಕೂದಲು ಉದುರಿ, ಮಕ್ಕಳಿಗೆ ‘ಬೇಗ ಮನೆಗೆ ಬಾ’ ಎಂದು ಬುದ್ಧಿ ಹೇಳುವ ತಂದೆಯರಾಗಿರಬೇಕು. ಮುಂದೆ 2005ರಲ್ಲಿ ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ವಿಧಿಸುವ ಆದೇಶ ಬಂತು. ಅದನ್ನು ಪೊಲೀಸರು ಬಿಗಿಯಾಗಿ ಜಾರಿಗೆ ತಂದಾಗ, 2008ರ ಸುಮಾರಿಗೆ, ಕುಡಿಯಲು ಅಡ್ಡಿಯಿಲ್ಲ ಆದರೆ ಕುಣಿಯಲು ಅಡ್ಡಿ ಎಂಬ ವಿಚಿತ್ರ ಸ್ಥಿತಿ ಬಂದೊದಗಿತು. ಆ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ನಗಬೇಡಿ, ಇಂತಹ ಕಾನೂನು ನಮ್ಮಲ್ಲಿ ಮಾತ್ರ ಇದ್ದುದಲ್ಲ. ಜಪಾನಿನಲ್ಲಿ 1948ರಲ್ಲಿಯೇ ಒಂದು ಕಾಯಿದೆ ಬಂದು, ಪರವಾನಗಿಯಿಲ್ಲದ ಕ್ಲಬ್ಬಿನಲ್ಲಿ ಗಿರಾಕಿಗಳು ಕುಣಿಯಕೂಡದೆಂದಿತು. ಬಹುಕಾಲ ಅದು ಹೆಚ್ಚಾಗಿ ಕಾಗದದ ಮೇಲಿತ್ತು. 2010ರಲ್ಲಿ ಒಸಾಕಾ ನಗರದಲ್ಲಿ ಜಗಳವೊಂದರಲ್ಲಿ ಒಬ್ಬ ವಿದ್ಯಾರ್ಥಿ ಸತ್ತ ಮೇಲೆ ಪೊಲೀಸರು ಅದನ್ನು ಮತ್ತೆ ಹೊರತೆಗೆದು ಕ್ಲಬ್ಬುಗಳ ಮೇಲೆ ದಾಳಿ ನಡೆಸಿದರು. ತರುಣರು ಸಹಿ ಸಂಗ್ರಹಕ್ಕೆ ಹೊರಟರು. ಪ್ರಸಿದ್ಧ ಸಂಗೀತಗಾರ ರ್ಯೂಯಿಚಿ ಸಕಮೋಟೋ ಅವರಿಗೆ ದನಿಗೂಡಿಸಿದರು. ಕಡೆಗೆ 2015ರಲ್ಲಿ ಕಾಯಿದೆಯನ್ನು ತಿದ್ದಿ 2016ರ ಜೂನ್ ತಿಂಗಳಿಂದ ತಕ್ಕಷ್ಟು ಬೆಳಕಿರುವ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಕುಣಿಯಬಹುದೆಂದು ಮಾಡಿದರು. ದೀಪದ ಬೆಳಕು ಇಷ್ಟಿರಬೇಕೆಂದು ಕಾನೂನಿನಲ್ಲಿಯೇ ಬರೆದರಂತೆ!

ಜಪಾನಿನ ಹರೆಯದವರ ಕಥೆ ನನಗೆ ರುಚಿಸಿದುದಕ್ಕೆ ಇನ್ನೊಂದು ಕಾರಣವುಂಟು. 1955ರಲ್ಲಿ ಶಿಂತಾರೋ ಇಶಿಹಾರಾ ಎಂಬ ವಿದ್ಯಾರ್ಥಿ, ಕಡಲತೀರದ ಶ್ರೀಮಂತ ಹುಡುಗರ ಕುಡಿತ, ಪ್ರೇಮ, ಪುಂಡಾಟಗಳನ್ನು ಕುರಿತು ‘ಸೂರ್ಯನ ಋತು’ ಎಂಬ ಅರ್ಥದ ಹೆಸರಿನ ಕಥೆ ಬರೆದ. ಮರುವರ್ಷ ಅದಕ್ಕೆ ಆ ದೇಶದ ದೊಡ್ಡ ಸಾಹಿತ್ಯ ಬಹುಮಾನವಾದ ಅಕುತಗಾವಾ ಪ್ರಶಸ್ತಿ ಬಂತು, ಚಲನಚಿತ್ರವೂ ಆಯಿತು. ಪತ್ರಿಕೆಗಳು ಅಂತಹ ಹುಡುಗರಿಗೆ ‘ತಾಯೋಝೋಕು’, ಎಂದರೆ ‘ಸೂರ್ಯನ ಕುಲದವರು’ ಎಂದು ಹೆಸರಿಟ್ಟವು. ಹೆಸರಿಟ್ಟ ಮೇಲೆ ಕುಲ ಬೆಳೆಯಿತು. ಹೆಸರನ್ನು ಓದಿದ ಹುಡುಗರೇ ಅದರಂತೆ ಉಡುಪು ತೊಟ್ಟರು, ಕೂದಲು ಕತ್ತರಿಸಿಕೊಂಡರು. ತಾಯಂದಿರು ಹೆದರಿದರು, ಚಿತ್ರಗಳ ಪರಿಶೀಲನಾ ಮಂಡಳಿಯನ್ನೇ ಪುನರ್ರಚಿಸಬೇಕಾಯಿತು. ಮುಂದೇನಾಯಿತು? ಆ ಪುಂಡರ ಕಥೆ ಬರೆದವನೇ 1999ರಿಂದ 2012ರವರೆಗೆ ಟೋಕಿಯೋ ಮಹಾನಗರದ ರಾಜ್ಯಪಾಲನಾದ. 2010ರಲ್ಲಿ ಅವನ ಆಡಳಿತ, ಯುವಕರ ಮನಸ್ಸು ಕೆಡುತ್ತದೆಂದು ಚಿತ್ರಕಥೆಗಳ ಮೇಲೆ ನಿಯಮಗಳನ್ನು ಬಿಗಿಗೊಳಿಸಿತು. ಇಪ್ಪತ್ತಮೂರರ ಹರೆಯದಲ್ಲಿ ಹಿರಿಯರ ಹೆದರಿಕೆಗೆ ಕಾರಣನಾದವನು ಎಪ್ಪತ್ತೆಂಟರಲ್ಲಿ ತಾನೇ ಹೆದರಿದ ಹಿರಿಯನಾದ.

1964ರ ಬೇಸಿಗೆಯಲ್ಲಿ ಟೋಕಿಯೋದ ಗಿಂಝಾ ಎಂಬ ಬೆಲೆಬಾಳುವ ಅಂಗಡಿಗಳ ಪೇಟೆಯಲ್ಲಿ ಇನ್ನೊಂದು ಗುಂಪು ಕಾಣಿಸಿಕೊಂಡಿತು. ಅವರು ಮಾಡುತ್ತಿದ್ದುದು ಇಷ್ಟೇ: ಅಮೆರಿಕದ ಕಾಲೇಜು ಹುಡುಗರಂತೆ ಅಂಗಿ ಷರಾಯಿ ತೊಟ್ಟು, ಕಂಕುಳಲ್ಲಿ ಚೀಲವಿಟ್ಟು, ಮಿಯುಕಿ ಬೀದಿಯಲ್ಲಿ ಸುಮ್ಮನೆ ನಿಲ್ಲುವುದು. ಅಕ್ಟೋಬರಿನಲ್ಲಿ ಒಲಿಂಪಿಕ್ ಕ್ರೀಡೆಗಳು. ಪರದೇಶದವರು ಬಂದು ನೋಡಿದರೆ ಏನೆಂದಾರು! ಸೆಪ್ಟೆಂಬರಿನಲ್ಲಿ ಪೊಲೀಸರು ಬಂದು ಸುಮಾರು 200 ಮಂದಿಯನ್ನು ತಡೆದು ನಿಲ್ಲಿಸಿದರು. ಆ ಹುಡುಗರು ತೊಟ್ಟ ಗುಂಡಿಯ ಕಾಲರಿನ ಅಂಗಿ ಆಮೇಲೆ ಆ ದೇಶದ ಗೃಹಸ್ಥರ ಉಡುಪಾಯಿತು. ಅದೇ 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲೂರಿನಲ್ಲಿ ಎರಡು ಬಗೆಯ ಉಡುಪಿನ ಹುಡುಗರ ನಡುವೆ ತಳ್ಳಾಟ ನಡೆಯಿತು. ಪತ್ರಿಕೆಗಳು ಅದನ್ನು ದೊಡ್ಡ ದಂಗೆಯಂತೆ ಬರೆದವು. ಸ್ಟಾನ್ಲಿ ಕೊಹೆನ್ ಎಂಬ ಸಮಾಜಶಾಸ್ತ್ರಜ್ಞ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿ ತೋರಿಸಿದ್ದಾನೆ: ಸಣ್ಣ ಸಂಗತಿಯೊಂದನ್ನು ಹಿಗ್ಗಿಸುವುದು, ಒಂದು ಗುಂಪನ್ನು ಭೂತದಂತೆ ಚಿತ್ರಿಸುವುದು, ಜನ ದಿಗಿಲುಬೀಳುವುದು, ಅಧಿಕಾರಿಗಳು ಕಠಿಣ ಕ್ರಮ ಕೈಗೊಳ್ಳುವುದು, ಆ ಕ್ರಮದಿಂದಲೇ ಗುಂಪು ಇನ್ನಷ್ಟು ಗಟ್ಟಿಯಾಗುವುದು. ಸಮಾಜಶಾಸ್ತ್ರದ ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ನಮ್ಮ ಚಹಾದ ಅಂಗಡಿಯ ಟೀವಿ ಕಣ್ಣಿಗೆ ಕಟ್ಟಿತು.

ಹಾಗಾದರೆ ನಮ್ಮ ನಾಡಿನಲ್ಲಿ ಈ ದಿಗಿಲು ಎಲ್ಲಿಯವರೆಗೆ ಹೋಯಿತು? 2009ರ ಜನವರಿ 24ರಂದು ಮಂಗಳೂರಿನ ‘ಅಮ್ನೇಷಿಯಾ’ ಎಂಬ ಪಬ್ಬಿಗೆ ಶ್ರೀರಾಮ ಸೇನೆಯವರೆಂದು ಹೇಳಿಕೊಂಡ ಸುಮಾರು 40 ಮಂದಿ ನುಗ್ಗಿ ಅಲ್ಲಿದ್ದ ತರುಣಿಯರನ್ನು ಹೊಡೆದರು, ಎಳೆದಾಡಿದರು. ನಾನು ಆಗ ಅಂಗನವಾಡಿಗೆ ಹೋಗುವ ಕೂಸು. ಆ ಚಿತ್ರಗಳನ್ನು ಈಚೆಗೆ ನೋಡಿದೆ. ನೋಡುವಾಗ ನನ್ನನ್ನು ಹೆಚ್ಚು ಕಾಡಿದುದು ಒಂದೇ: ಓಡುವ ಹುಡುಗಿ ಬಿದ್ದಾಗ ಕ್ಯಾಮೆರಾ ಅವಳ ಹತ್ತಿರವೇ ಇದೆ. ಕ್ಯಾಮೆರಾ ಬಂದು ಮುಟ್ಟಿತ್ತು, ಪೊಲೀಸರು ಮುಟ್ಟಿರಲಿಲ್ಲ. ದೇಶವೆಲ್ಲ ಆ ಚಿತ್ರವನ್ನು ನೋಡಿ ಖಂಡಿಸಿತೆಂಬುದು ನಿಜ. ಮುಂದಿನ ತಿಂಗಳು ಸಾವಿರಾರು ಹೆಂಗಸರು ಗುಲಾಬಿ ಬಣ್ಣದ ಒಳಉಡುಪುಗಳನ್ನು ಆ ಸಂಘಟನೆಯ ಮುಖಂಡರಿಗೆ ಅಂಚೆಯಲ್ಲಿ ಕಳಿಸಿ ಹಾಸ್ಯದಿಂದಲೇ ಪ್ರತಿಭಟಿಸಿದರು. 2018ರಲ್ಲಿ ಮಂಗಳೂರಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ದೇಶವೆಲ್ಲ ನೋಡಿದ ಚಿತ್ರವಿದ್ದರೂ ಶಿಕ್ಷೆಯೆಂಬುದು ಆಗಲಿಲ್ಲ. ಆದರೆ ಆ ಹುಡುಗಿಯರ ಮುಖ ಮಾತ್ರ ಇಂದಿಗೂ ಬೇಕೆಂದವರಿಗೆ ಬೇಕಾದಾಗ ಕಾಣುತ್ತದೆ.

2012ರ ಜುಲೈ 28ರಂದು ಮಂಗಳೂರಿನದೇ ಪಡೀಲಿನ ಒಂದು ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಮತ್ತೊಂದು ಗುಂಪು ಬಿದ್ದಿತು. ಅಲ್ಲಿಗೆ ಹೋಗಿ ಚಿತ್ರ ತೆಗೆದವರು ನವೀನ್ ಸೂರಿಂಜೆ ಎಂಬ ವರದಿಗಾರರು. ಅವರ ಚಿತ್ರಗಳಿಂದಲೇ ನಡೆದುದು ಏನೆಂದು ಜಗತ್ತಿಗೆ ತಿಳಿಯಿತು. ಆದರೆ ಆ ವರ್ಷದ ನವೆಂಬರಿನಲ್ಲಿ ಪೊಲೀಸರು ಅವರನ್ನೇ ಬಂಧಿಸಿದರು; ನಾಲ್ಕು ತಿಂಗಳಿಗೂ ಮೇಲೆ ಅವರು ಸೆರೆಮನೆಯಲ್ಲಿದ್ದರು. ಕ್ಯಾಮೆರಾ ಹಿಡಿದವರೆಲ್ಲ ಕೊಂಡಿ ಮಂಚಣ್ಣರಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು 2016ರ ಡಿಸೆಂಬರ್ 31ರ ರಾತ್ರಿ. ಬ್ರಿಗೇಡ್ ರಸ್ತೆ, ಮಹಾತ್ಮಾ ಗಾಂಧಿ ರಸ್ತೆಗಳ ನೂಕುನುಗ್ಗಲಿನಲ್ಲಿ ಹೆಂಗಸರ ಮೈಮೇಲೆ ಕೈಹಾಕಿದರೆಂದು ಪತ್ರಿಕೆಯಲ್ಲಿ ಚಿತ್ರಸಹಿತ ವರದಿ ಬಂತು. ಹೆದರಿದ ಒಬ್ಬ ತರುಣಿ ಮಹಿಳಾ ಪೊಲೀಸರನ್ನು ಅಪ್ಪಿ ನಿಂತಿದ್ದಳು. ಆಗಿನ ಗೃಹಮಂತ್ರಿಗಳು ತರುಣರ ಪಾಶ್ಚಾತ್ಯ ರೀತಿಯ ಉಡುಪಿನ ಮಾತೆತ್ತಿದರು. ಆ ಚರ್ಚೆ ನಡೆಯುತ್ತಿರುವಾಗಲೇ ಕಮ್ಮನಹಳ್ಳಿಯ ಒಂದು ಮನೆಯ ಸಿಸಿಟಿವಿಯ ದೃಶ್ಯ ಹೊರಬಿತ್ತು. ಜನವರಿ 1ರ ನಸುಕಿನಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಸ್ಕೂಟರಿನಲ್ಲಿ ಬಂದ ಇಬ್ಬರು ಅಡ್ಡಗಟ್ಟಿದ ದೃಶ್ಯ ಅದು. ಗೋಡೆಯ ಮೇಲಿನ ಆ ಯಂತ್ರ ಯಾರನ್ನೂ ಹುಡುಕಿಕೊಂಡು ಹೋಗಿರಲಿಲ್ಲ. ಕೆಳಗೆ ಬೆಂಕಿಯ ಅಕ್ಷರ ಬರೆದಿರಲಿಲ್ಲ. ಅದು ತೋರಿಸಿದುದು ಎಡವುವ ಹುಡುಗಿಯನ್ನಲ್ಲ, ಎಡವಿಸುವ ಗಂಡಸರನ್ನು. ಕೆಲವೇ ದಿನಗಳಲ್ಲಿ ಬಂಧನಗಳೂ ಆದವು.

ರಾತ್ರಿಯಲ್ಲಿ ಅಪಾಯವೇ ಇಲ್ಲವೆಂದು ಹೇಳುವಷ್ಟು ಎಳೆಯವಳು ನಾನಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್‌ಸೆಂಟರಿನ ಉದ್ಯೋಗಿಯೊಬ್ಬಳನ್ನು ಕರೆದೊಯ್ಯಲು ಬಂದ ಗಾಡಿಯ ಚಾಲಕನೇ ಕೊಂದ. ನಮ್ಮಪ್ಪನ ಅಂಜಿಕೆ ಹುಚ್ಚು ಅಂಜಿಕೆಯಲ್ಲ. ಆದರೆ ಆ ಹುಡುಗಿ ಸತ್ತುದು ಕುಣಿತದಿಂದಲ್ಲ, ಕುಡಿತದಿಂದಲ್ಲ; ದುಡಿಯಲು ಹೊರಟ ದಾರಿಯಲ್ಲಿ. 1961ರ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೆಂಗಸರನ್ನು ರಾತ್ರಿ ದುಡಿಸಕೂಡದೆಂದಿತ್ತು. ಕಂಪ್ಯೂಟರಿನ ಕಂಪನಿಗಳು ಬಂದ ಮೇಲೆ, ಗಾಡಿ ಕೊಡಬೇಕು, ಕಾವಲು ಕೊಡಬೇಕು ಎಂಬ ಕಟ್ಟಳೆಗಳೊಡನೆ ವಿನಾಯಿತಿ ಕೊಟ್ಟರು. ಈ ಕಟ್ಟಳೆಗಳನ್ನು ಯಾವ ಕಂಪನಿ ಪಾಲಿಸುತ್ತದೆ, ಯಾವುದು ಪಾಲಿಸುವುದಿಲ್ಲ, ನಸುಕಿನಲ್ಲಿ ಮನೆಯ ಬಾಗಿಲವರೆಗೆ ಗಾಡಿ ಬರುತ್ತದೆಯೇ ಅಥವಾ ಕೂಟಿನಲ್ಲಿಯೇ ಇಳಿಸಿಹೋಗುತ್ತದೆಯೇ ಎಂದು ಕೇಳುವ ಸುದ್ದಿವಾಹಿನಿ ಒಂದಿದ್ದರೆ ನಮ್ಮ ದೊಡ್ಡಪ್ಪ ಅದನ್ನು ದಿನವೂ ನೋಡುತ್ತಿದ್ದ. ಆಸ್ಪತ್ರೆಯ ದಾದಿಯರು, ಬಸ್‌ಸ್ಟ್ಯಾಂಡಿನಲ್ಲಿ ಕಸ ಗುಡಿಸುವವರು, ಲೆಕ್ಕ ಬರೆಯುವ ನಮ್ಮಕ್ಕನಂಥವರು, ಇವರದೂ ರಾತ್ರಿಯೇ. ಇವರ ರಾತ್ರಿಗೆ ನಗಾರಿಯಿಲ್ಲದ ಕಾರಣ ಅದು ಸುದ್ದಿಯಾಗುವುದಿಲ್ಲ. ಸುದ್ದಿಯಾಗದ ಕಾರಣ ಅದು ಹುಮನಾಬಾದಿನ ಚಹಾದ ಅಂಗಡಿಗೆ ಮುಟ್ಟುವುದಿಲ್ಲ. ಮುಟ್ಟದ ಕಾರಣ ಒಬ್ಬ ಹುಡುಗಿಯ ಮದುವೆ ಮುರಿಯುತ್ತದೆ.

ಜಾತ್ರೆಯ ರಾತ್ರಿ ಪುಣ್ಯವಾದುದು ಹೇಗೆಂಬ ಮೊದಲ ಪ್ರಶ್ನೆಗೆ ನನಗೆ ತೋಚಿದ ಉತ್ತರವಿಷ್ಟು. ದೇವರಿದ್ದಾನೆಂಬ ಕಾರಣವೊಂದೇ ಅಲ್ಲ. ಅಲ್ಲಿ ಕುಣಿಯುವವರನ್ನು ನೋಡುವವರು ಬಲ್ಲರು. ಇವಳು ಇಂಥವರ ಮಗಳು, ಇವನು ಇಂಥವರ ಮೊಮ್ಮಗ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದಿದ್ದಾರೆ, ಇಂದು ಒಂದು ರಾತ್ರಿ ನಗಲಿ ಎಂದು ಊರಿಗೆ ಗೊತ್ತು. ಬೆಂಗಳೂರಿನ ಬೀದಿಯಲ್ಲಿ ನಗುವ ಹುಡುಗಿಯನ್ನು ನಾವು ಬಲ್ಲವರಲ್ಲ. ಅವಳ ವರ್ಷದ ಉಳಿದ 364 ದಿನಗಳನ್ನು ನಮಗೆ ಯಾರೂ ತೋರಿಸಿಲ್ಲ. ಬಲ್ಲವರ ತಪ್ಪನ್ನು ತಪ್ಪೆನ್ನುತ್ತೇವೆ. ಅರಿಯದವರ ತಪ್ಪನ್ನು ಜಾತಕವೆನ್ನುತ್ತೇವೆ. ಅಪರಿಚಿತರನ್ನು ಪರಿಚಯ ಮಾಡಿಸುವುದಕ್ಕೆಂದೇ ಪತ್ರಿಕೆ, ಟೀವಿಗಳು ಹುಟ್ಟಿದವು. ಅವು ಆ ಕೆಲಸ ಬಿಟ್ಟು ಅಪರಿಚಿತರನ್ನು ಇನ್ನಷ್ಟು ದೂರ ಮಾಡಿದರೆ ಹಳೆಯ ಅಗಸಿಕಟ್ಟೆಯ ಹರಟೆಗಿಂತ ಅವು ಮೇಲೆಂದು ಹೇಗೆ ಹೇಳೋಣ?

ಈ ಲೇಖನ ಅಚ್ಚಾಗುವ ಹೊತ್ತಿಗೆ ನಮ್ಮ ಕೊನೆಯ ಪರೀಕ್ಷೆ ಮುಗಿದಿರುತ್ತದೆ. ಬೆಂಗಳೂರಿನಲ್ಲಿ ಪತ್ರಿಕೋದ್ಯಮದ ಎಂ.ಎ. ಓದಬೇಕೆಂದು ನನ್ನ ಆಸೆ. ಅಕ್ಕನ ಕೋಣೆಯಲ್ಲಿಯೇ ಇರಬಹುದು. ಅವಳು ರಾತ್ರಿ ಇರುವುದಿಲ್ಲ, ನಾನು ಹಗಲು ಇರುವುದಿಲ್ಲ, ಒಂದೇ ಮಂಚ ಇಬ್ಬರಿಗೂ ಸಾಕಾದೀತು. ಮನೆಯಲ್ಲಿ ಈ ಮಾತನ್ನೆತ್ತಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮಕ್ಕಂದು ನೋಡಿದಿ. ನಿಂದೂ ಹಂಗಾದ್ರ ಯಾರು ಹೊಣಿ?” ಎಂದ. ನಾನೆಂದೆ: “ಅಪ್ಪಾ, ಅಕ್ಕ ಏನು ತಪ್ಪು ಮಾಡ್ಯಾಳ ಹೇಳು.” ಅಪ್ಪ ಹೇಳಲಿಲ್ಲ. ಹೇಳಲು ಅವನಲ್ಲಿ ಏನೂ ಇರಲಿಲ್ಲ. ಕಡೆಗೆ, “ಅಕ್ಕಿ ತಪ್ಪಿಲ್ಲ ಬಿಡು. ಮಂದಿ ಬಾಯಿ ಅದ” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅಕ್ಕನ ತಪ್ಪಿಲ್ಲವೆಂಬ ಮಾತು ನಮ್ಮ ಮನೆಯಲ್ಲಿ ಗಂಡಸರ ಬಾಯಿಂದ ಬಂದುದು ಅದೇ ಮೊದಲು. ಅಷ್ಟನ್ನು ನಾನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಅಂದು ನಗಲಿಲ್ಲ.

ನನ್ನೊಡನೆ ಈ ವರ್ಷ ಕಾಲೇಜು ಬಿಟ್ಟು ಹೋಗುವ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಒಂದು ಮಾತು. ನಿಮ್ಮಲ್ಲಿ ಹಲವರು ಕಲಬುರಗಿ, ಹೈದರಾಬಾದು, ಪುಣೆ, ಬೆಂಗಳೂರುಗಳಿಗೆ ದುಡಿಯಲು ಹೋಗುವಿರಿ. ಅಲ್ಲಿ ರಾತ್ರಿಯನ್ನು ಕಾಣುವಿರಿ. ಕೆಟ್ಟುದನ್ನೂ ಕಾಣುವಿರಿ, ಒಳ್ಳೆಯದನ್ನೂ ಕಾಣುವಿರಿ. ಊರಿಗೆ ಬಂದಾಗ ಚಹಾದ ಅಂಗಡಿಯ ಮಂದಿ ನಿಮ್ಮನ್ನು ಕೇಳದೆ ಬಿಡುವುದಿಲ್ಲ. ಆಗ ಅವರಿಗೆ ರುಚಿಸುವ ಕಥೆಯನ್ನು ಹೇಳಬೇಡಿ, ಕಂಡುದನ್ನು ಹೇಳಿ. ರಾತ್ರಿ ಎರಡು ಗಂಟೆಗೆ ಲೆಕ್ಕ ಬರೆಯುತ್ತ ಚಹಾ ಕುಡಿಯುವ ಹುಡುಗಿಯರನ್ನು ಕುರಿತು ಹೇಳಿ. ಹಿರಿಯರು ಮೊದಲು ನಂಬಲಿಕ್ಕಿಲ್ಲ; ನಾಲ್ಕು ಜನ ಹೇಳಿದರೆ ಕೇಳಿಯಾರು. ಎಂ.ಎ.ಯ ಅರ್ಜಿಯನ್ನು ನಾನು ತುಂಬಿ ಇಟ್ಟಿದ್ದೇನೆ. ಅಪ್ಪನ ಸಹಿ ಹಾಕುವ ಜಾಗ ಒಂದು ಖಾಲಿಯಿದೆ. ಮುಂದಿನ ವಾರ ಸಂತೆಯ ದಿನ, ಅವನ ಕೈಯಲ್ಲಿ ಪಗಾರ ಬಂದ ಹೊತ್ತು ನೋಡಿ, ಮತ್ತೆ ಕೇಳುವವಳಿದ್ದೇನೆ.